ಸೇತುವೆಗೆ ಹೆಚ್ಚುವರಿ ಪ್ರಭಾರ

ವಿಡಿಯೋ ಗೇಮುಗಳ ಗುಣದೋಷಗಳನ್ನು ಕನ್ನಡದಲ್ಲಿ ವಿಚಾರಿಸುವ ಜಾಲತಾಣವೊಂದು ಚನ್ನಪಟ್ಟಣದಲ್ಲಿ, ಇಮಾಮ್ ಸಾಬರ ಅರಗಿನ ಗೊಂಬೆ ಅಂಗಡಿಯ ಮಹಡಿ ಮೇಲೆ, ಕರೆಂಟು ಇದ್ದಷ್ಟು ಹೊತ್ತು ನಡೆಯುತ್ತಿತ್ತು ಎಂಬುದು ನಿರ್ವಿವಾದ. ಹೆಸರು ‘ಆಟದಮನೆ ಡಾಟ್ ಕಾಮ್’. ಮಾಲೀಕರು ಇಮಾಮ್ ಸಾಬರೇ. ಸಿಬ್ಬಂದಿ ಇಬ್ಬರು: ಗೇಮು ಆಡಿ ಗೆಲ್ಲುವ ದಾರಿ ಬರೆಯುವ ಅಸ್ಗರ್, ಬರೆದದ್ದನ್ನು ತಿದ್ದಿ ಏರಿಸುವ ಶ್ವೇತ. ಅಭಿಮಾನಿಗಳು ಮಾತ್ರ ಮಾಗಡಿಯಿಂದ ಕನಕಪುರದವರೆಗೆ ಹಬ್ಬಿದ್ದರು. ಅವರಲ್ಲಿ ಅರ್ಧ ಜನ ಕಂಪ್ಯೂಟರನ್ನೇ ಕಂಡಿರಲಿಲ್ಲ. ಅದು ಅಭಿಮಾನಕ್ಕೆ ಅಡ್ಡಿ ಬಂದಿರಲಿಲ್ಲ.

ಅಭಿಮಾನಿಗಳ ಸಂಘದ ಅಧ್ಯಕ್ಷ ಎಳನೀರು ಮಂಡಿಯ ಮುನಿರಾಮಯ್ಯ. ‘ಕಪ್ಪುಕೋಟೆ’ ಗೇಮಿನಲ್ಲಿ ಅವನ ಕೈಯಿಂದ ಸತ್ತ ರಾಕ್ಷಸರನ್ನು ಉದ್ದಕ್ಕೆ ಮಲಗಿಸಿದರೆ ತಲೆ ಕೆಂಗಲ್ಲಿನಲ್ಲೂ ಕಾಲು ಬಿಡದಿಯಲ್ಲೂ ಇರುತ್ತದೆಂದು ಅವನೇ ಹೇಳಿದ್ದಾನೆ. ಬೇರೆ ಸಾಕ್ಷಿ ಬೇಕಾಗಿಲ್ಲ. ಇಂಥವನು ಗೇಮಿನಲ್ಲಿ ಆಡಿಸುವ ವೀರ ಈಗ ಒಂದು ಮುರುಕು ಸೇತುವೆಯ ಮುಂದೆ ನಿಂತುಬಿಟ್ಟಿದ್ದ. ಹೆಜ್ಜೆ ಇಟ್ಟರೆ ಹೊಳೆಗೆ ಬೀಳುತ್ತಿದ್ದ. ಆಚೆ ದಡದಲ್ಲಿ ಕೋಟೆ, ಕೋಟೆಯೊಳಗೆ ರಾಜಕುಮಾರಿ. ಯುಗಾದಿಯೊಳಗೆ ಅವಳನ್ನು ಬಿಡಿಸಿ ತರುತ್ತೇನೆಂದು ಮಂಡಿಯಲ್ಲೆಲ್ಲ ಹೇಳಿಕೊಂಡಾಗಿತ್ತು, ಮಾನದ ಪ್ರಶ್ನೆ. ದಾಟುವ ಬಗೆಯನ್ನು ಅಸ್ಗರ್ ಶುಕ್ರವಾರ ಬರೆಯುವವನಿದ್ದ.

ಗುರುವಾರ ಅಸ್ಗರನಿಗೂ ಶ್ವೇತಳಿಗೂ ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು.

ಸಂಘ ತುರ್ತು ಸಭೆ ಸೇರಿತು. “ಶಾಲು ಹೊದ್ಸಿ ಹಾರ ಹಾಕ್ದೆ ಈ ತಾಲ್ಲೂಕ್ನಾಗೆ ಯಾವ ನೌಕರ ಬುಟ್ಟೋಗವ್ನೆ, ಹೇಳ್ರಲಾ,” ಎಂದ ಮುನಿರಾಮಯ್ಯ. “ನಾವು ಶಾಲೇ ಹೊದ್ಸಲ್ಲ. ಎಂಗೋಯ್ತಾನೆ ನೋಡಾನ.”

ಬೀಳ್ಕೊಡುಗೆ ಇಲ್ಲದ ನಿರ್ಗಮನವು ನಿರ್ಗಮನವೇ ಅಲ್ಲವೆಂದು ನಿರ್ಣಯವಾಯಿತು. ಮುನ್ನೆಚ್ಚರಿಕೆಯಾಗಿ ಪೇಟೆಯಲ್ಲಿದ್ದ ಸನ್ಮಾನದ ಶಾಲುಗಳನ್ನೆಲ್ಲ ಕೊಂಡು ಅಧ್ಯಕ್ಷರ ಮನೆಯ ಅಟ್ಟದಲ್ಲಿ ಇಡಲಾಯಿತು.

ಅಸ್ಗರ್ ಶಾಲಿಲ್ಲದೆಯೇ ಹೋದ.

ಆದ್ದರಿಂದ ಕೆಂಗಲ್ ಬಳಿ ರಸ್ತೆ ತಡೆ ನಡೆಯಿತು. ಸಿಕ್ಕ ಮೊದಲ ವಾಹನವೇ ಕಾರ್ಖಾನೆಯ ಬಸ್ಸು. ಕಿಟಕಿಯಿಂದ ಅಸ್ಗರನ ತಲೆ ಹೊರಬಂತು.

“ಮಾವ, ಶಿಫ್ಟಿಗೆ ಹೊತ್ತಾಯ್ತದೆ. ಒಸಿ ದಾರಿ ಬುಡಿ.”

“ನಿನ್ನ ಉಳಿಸ್ಕಳಾಕೆ ಕಣಪ್ಪ ಈ ಹೋರಾಟ. ನೀನು ಅಡ್ಡ ಬರ್ಬ್ಯಾಡ.”

“ಆ ಸೇತುವೆ ವಿಷ್ಯ ತಾನೆ? ಈಗ್ಲೇ ಹೇಳ್ಬುಡ್ತೀನಿ, ಕೇಳಿ.”

“ಹೋರಾಟದ ಟೇಮ್ನಾಗೆ ಸ್ವಂತ ಕೆಲ್ಸದ ಮಾತಾಡಾದು ಅಸಯ್ಯ,” ಎಂದು ಗದರಿದ ಮುನಿರಾಮಯ್ಯ ಧಿಕ್ಕಾರ ಕೂಗಿದ. ಬಸ್ಸಿನಲ್ಲಿದ್ದ ಶ್ವೇತಳೂ ಹೊತ್ತು ಹೋಗಲೆಂದು ದನಿಗೂಡಿಸಿದಳು.

ಹೋರಾಟದ ಕಾವು ತಾಲ್ಲೂಕು ಇತರೆ ವಿಷಯಗಳ ಕಚೇರಿಗೆ ಮುಟ್ಟಿತು. ಯಾವ ಇಲಾಖೆಗೂ ಸೇರದ ಸಂಗತಿಗಳನ್ನು ಯಾವುದಾದರೊಂದು ಇಲಾಖೆಗೆ ಸೇರಿಸುವುದು ಆ ಕಚೇರಿಯ ಕೆಲಸ. ಅಲ್ಲಿನ ಸಾಹೇಬರಾದ ಗಂಗಯ್ಯನವರು ಮನವಿ ಓದಿ, “ಈ ವರ್ಗಾವಣೆ ಮಾಡಿದ್ದು ಯಾರು?” ಎಂದರು.

“ಯಾರೂ ಇಲ್ಲ ಸ್ವಾಮಿ. ಅವರಾಗೇ ಹೋದ್ರು,” ಎಂದ ಮುನಿರಾಮಯ್ಯ.

“ಯಾರೂ ಮಾಡದ ವರ್ಗಾವಣೆಯನ್ನು ರದ್ದು ಮಾಡೋಕೆ ಬರಲ್ಲ. ಖಾಲಿ ಹುದ್ದೆ ತುಂಬಬಹುದು.”

ಆ ವಾರವೇ ಆದೇಶ ಹೊರಬಿತ್ತು: “ಆಟದಮನೆಯಲ್ಲಿ ತೆರವಾಗಿರುವ ಹುದ್ದೆಗಳ ಹೆಚ್ಚುವರಿ ಪ್ರಭಾರವನ್ನು ರೇಷ್ಮೆಗೂಡು ಪರಿಶೀಲಕರಾದ ಶ್ರೀ ರಾಮಲಿಂಗಯ್ಯನವರಿಗೆ ವಹಿಸಿದೆ. ಗೂಡನ್ನು ಅಲ್ಲಾಡಿಸಿ ಒಳಗಿನ ಹುಳುವಿನ ಯೋಗಕ್ಷೇಮ ತಿಳಿಸಬಲ್ಲವರಿಗೆ ಗೇಮಿನ ಒಳಗನ್ನು ತಿಳಿಸುವುದು ಭಾರವಾಗಲಾರದು.”

ಜಾಲತಾಣ ಖಾಸಗಿಯದಲ್ಲವೇ ಎಂದು ಯಾರೋ ಇಮಾಮ್ ಸಾಬರ ಕಿವಿ ಊದಿದರು. “ಸಂಬಳ ಅವ್ರು ಕೊಡ್ತಾರೆ, ಕೆಲ್ಸ ನಮ್ದು ಮಾಡ್ತಾರೆ. ಇದ್ರಾಗೆ ಕೇಳಾದೇನೈತೆ?” ಎಂದು ಸಾಬರು ಹೊಸ ಕುರ್ಚಿ ತರಿಸಿದರು.

ರಾಮಲಿಂಗಯ್ಯನವರು ಬಂದವರೇ ಗೇಮಿನ ಡಿಸ್ಕೊಂದನ್ನು ಬೆಳಕಿಗೆ ಹಿಡಿದು ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, “ಹೊಳಪು ಉತ್ತಮ. ಕಲೆ ಇಲ್ಲ. ಒಳಗೆ ಜೀವ ಇಲ್ಲ. ಎರಡನೇ ದರ್ಜೆ,” ಎಂದು ಬರೆದು ಏರಿಸಿದರು. ಅಭಿಮಾನಿಗಳು ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ, ಅಸ್ಗರ್ ಪುಟಗಟ್ಟಲೆ ಹೇಳುತ್ತಿದ್ದುದೂ ಇದನ್ನೇ ಅಲ್ಲವೇ ಎಂದುಕೊಂಡರು.

ಮುನಿರಾಮಯ್ಯ ಸೇತುವೆಯ ಸಂಗತಿ ಅರಿಕೆ ಮಾಡಿಕೊಂಡ. ಮುಂದಿನ ಶುಕ್ರವಾರ ಉತ್ತರ ಬಂತು: “ಸದರಿ ಸೇತುವೆ ಶಿಥಿಲವಾಗಿರುವುದು ಪರಿಶೀಲನೆಯಿಂದ ಕಂಡುಬಂದಿದೆ. ದುರಸ್ತಿಗೆ ಮೇಲಕ್ಕೆ ಬರೆದಿದೆ. ಮಂಜೂರಾತಿ ಬರುವವರೆಗೆ ಎಲ್ಲ ವೀರರೂ ಈಚೆ ದಡದಲ್ಲೇ ಇರತಕ್ಕದ್ದು.”

ಮುನಿರಾಮಯ್ಯನ ಕಣ್ಣು ತೇವವಾಯಿತು. ಅವನೂರಿನ ಹಳ್ಳದ ಸೇತುವೆಗೆ ಅವನ ತಾತನ ಕಾಲದಿಂದ ಇಷ್ಟು ಒಳ್ಳೆಯ ಉತ್ತರ ಬಂದಿರಲಿಲ್ಲ.

ಯುಗಾದಿ ರಜಕ್ಕೆ ಅಸ್ಗರ್ ಕಾರ್ಖಾನೆಯ ಸಮವಸ್ತ್ರದಲ್ಲೇ ಮಂಡಿಗೆ ಬಂದ.

“ಮಾವ, ಆ ಸೇತುವೆ ಹತ್ತಂಗೇ ಇಲ್ಲ. ಪಕ್ಕದಾಗೆ ಮೊಳಕಾಲುದ್ದ ನೀರೈತೆ. ಸುಮ್ಕೆ ನಡ್ಕೊಂಡೋಗಾದು.”

ಮುನಿರಾಮಯ್ಯ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಮೆಲ್ಲಗೆ ಮಾತಾಡ್ಲಾ. ನಾವು ನೀರ್ನಾಗೇ ದಾಟ್ತೀವಿ ಅಂತ ಗೊತ್ತಾದ್ರೆ ಸೇತುವೆ ಯಾಕೆ ಅಂತ ಮಂಜೂರಾತಿ ನಿಲ್ಸ್ಬುಟ್ರೆ?”

“ರಾಜಕುಮಾರಿ?”

“ಅವಳಿಗೂ ಸೇತುವೆ ಬೇಕಲ್ಲಪ್ಪ. ಬರೋವಾಗ ಸೀರೆ ನೆನಸ್ಕೊಂಡ್ ಬತ್ತಾಳಾ?”

ಆಮೇಲೆ ಮನೆಗೆ ಕರೆದೊಯ್ದು, ಅಟ್ಟದಿಂದ ಒಂದು ಶಾಲು ಇಳಿಸಿ ಅಸ್ಗರನಿಗೆ ಹೊದಿಸಿದ. ಅಸ್ಗರನ ನಿರ್ಗಮನ ಅಂದಿನಿಂದ ಜಾರಿಗೆ ಬಂತು. ಉಳಿದ ಶಾಲುಗಳು ಸೇತುವೆಯ ಶಂಕುಸ್ಥಾಪನೆಗೆ ಮೀಸಲಾದವು.

ತನ್ನ ವೀರ ಎಂದೋ ಆಚೆ ದಡ ಸೇರಿರುವುದು ನೆನಪಾಗಿ ಅಸ್ಗರನಿಗೆ ಒಸಿ ನಾಚಿಕೆಯಾಯಿತು. ಮನೆಗೆ ಹೋದವನೇ ಗೇಮು ತೆರೆದು, ಅದೇ ಮೊಳಕಾಲುದ್ದ ನೀರಿನಲ್ಲಿ ಅವನನ್ನು ವಾಪಸು ನಡೆಸಿಕೊಂಡು ಬಂದು, ಆದೇಶದ ಪ್ರಕಾರ ಈಚೆ ದಡದಲ್ಲಿ ನಿಲ್ಲಿಸಿದ.