ಬೆಲ್ಲ ಕಲಿಯುತ್ತಿದ್ದ ಯಂತ್ರದ ಖಂಡೇಪೂಜೆ

ಎಷ್ಟೇ ಓದಿದರೂ ನಮ್ಮ ಬುದ್ಧಿ ಕೊನೆಗೆ ಮನೆಯ ಕಸುಬಿನ ದಾರಿಯಲ್ಲೇ ಓಡುತ್ತದೆ ಎಂಬುದು ನನ್ನ ಅನುಭವ. ನಾನು ಕೊಲ್ಹಾಪುರದ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಗಡಿಂಗ್ಲಜದ ನೆಂಟರ ಮುಂದೆ ಇದನ್ನು ಗತ್ತಿನಿಂದಲೇ ಹೇಳುತ್ತೇನೆ; ಅವರು ತಮ್ಮ ಕೆಟ್ಟ ಮೊಬೈಲು ತಂದು ಕೈಗಿಟ್ಟಾಗ ಮಾತ್ರ ಆ ಗತ್ತು ಇಳಿಯುತ್ತದೆ. ಒಳಗೊಳಗೆ ನಾನಿನ್ನೂ ಬೆಲ್ಲದ ಗಾಣದ ಮನೆಯ ಹುಡುಗಿಯೇ. ಕಬ್ಬಿನ ಹಾಲು ಕೊಪ್ಪರಿಗೆಗೆ ಬಿದ್ದು ಒಲೆ ಹತ್ತಿತೆಂದರೆ ಬೆಲ್ಲವಾಗುವ ತನಕ ಯಾರೂ ನಡುವೆ ಕೈಹಾಕಬಾರದು ಎಂಬುದು ನಮ್ಮ ಮನೆಯ ನೇಮ. ಅರ್ಧಕ್ಕೆ ಬೆಂಕಿ ಆರಿತೋ, ಅದು ಹಾಲೂ ಅಲ್ಲ, ಬೆಲ್ಲವೂ ಅಲ್ಲ.

ಹೋದ ವರ್ಷ ನಾನು ಹಿಡಿದ ಪ್ರಾಜೆಕ್ಟೂ ಬೆಲ್ಲದ್ದೇ. ಫೋಟೋ ನೋಡಿ ಬೆಲ್ಲದ ದರ್ಜೆ ಹೇಳುವುದನ್ನು ಕಂಪ್ಯೂಟರಿಗೆ ಕಲಿಸುವುದು. ಅಪ್ಪನಿಗೆ ಹೇಳಿದರೆ, "ಒಂದ್ ಚೂರ ಬಾಯಾಗ ಹಾಕ್ಕೊಂಡ್ರ ಗೊತ್ತಾಕ್ಕೈತಲ್ಲವಾ, ಫೋಟೋ ಯಾಕ ಬೇಕು?" ಎಂದು ನಕ್ಕರು. ಈ ಕಲಿಕೆ ನಡೆಯುವುದು ನಮ್ಮ ಲ್ಯಾಬಿನ ಮೂಲೆಯಲ್ಲಿರುವ ದೊಡ್ಡ ಯಂತ್ರದಲ್ಲಿ. ಅದರ ಫ್ಯಾನು ಸದಾ ಗೊರಕೆ ಹೊಡೆಯುವುದರಿಂದ ನಾವು ಅದನ್ನು ಅಜ್ಜ ಎನ್ನುತ್ತೇವೆ. ಅಂಥದ್ದು ಇರುವುದು ಒಂದೇ ಆದ್ದರಿಂದ ಸರದಿಯಂತೆ ಒಬ್ಬೊಬ್ಬರಿಗೆ ಒಂದೊಂದು ವಾರ. ತಮ್ಮ ವಾರದಲ್ಲಿ ಕೆಲಸ ಮುಗಿಯಲಿಲ್ಲವೋ, ಪ್ರಾಜೆಕ್ಟು ಮುಂದಿನ ಸೆಮಿಸ್ಟರಿಗೆ ಹೋಯಿತೆಂದೇ ಲೆಕ್ಕ. ದಸರೆಯ ವಾರ ನನ್ನದಾಗಿತ್ತು. ನಡುನಡುವೆ ಸೇವ್ ಮಾಡಿಕೊಳ್ಳುತ್ತ ಹೋಗಬೇಕೆಂದು ನಮ್ಮ ಮೇಡಮ್ಮು ಎಲ್ಲರಿಗೂ ಹೇಳಿದ್ದರು, ಎಲ್ಲರೂ ಮಾಡಿಕೊಳ್ಳುತ್ತಿದ್ದರು. ನಾನು ಮಾತ್ರ, ಕುದಿಯುವ ಕೊಪ್ಪರಿಗೆಗೆ ಯಾರಾದರೂ ಕೈಹಾಕುತ್ತಾರೆಯೇ ಎಂದು ಸುಮ್ಮನಿದ್ದೆ.

ಖಂಡೇನವಮಿ, ಅಂದರೆ ಆಯುಧಪೂಜೆಯ ದಿನ ಲ್ಯಾಬಿನಲ್ಲಿ ಪೂಜೆ ಮಾಡುವುದು ನಮ್ಮ ವಿಭಾಗದ ರೂಢಿ. ಹೊಣೆ ಹೊತ್ತವನು ನನ್ನ ಸಹಪಾಠಿ ಈರಪ್ಪ. ಇಚಲಕರಂಜಿಯ ಮಗ್ಗದ ಮನೆಯವನು. ದಿನಾ ಬಸ್ಸಿನಲ್ಲಿ ಬರುತ್ತಾನೆ, ಇಡೀ ಲ್ಯಾಬಿಗೆ ಸಾಲುವಷ್ಟು ಶೇಂಗಾ ಚಟ್ನಿ ತರುತ್ತಾನೆ. ಅವನಷ್ಟು ನೇಮನಿಷ್ಠೆಯಿಂದ ಪೂಜೆ ಮಾಡುವವರು ನಮ್ಮಲ್ಲಿಲ್ಲ. ನಾನು ಚೆಂಡುಹೂವಿನ ಮಾಲೆ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಲ್ಯಾಬು ಗಪ್ಪಾಗಿತ್ತು. ಗೊರಕೆಯೇ ಇಲ್ಲ. ಅಜ್ಜನ ಹಣೆಗೆ ವಿಭೂತಿ, ಕುಂಕುಮ. ಎದುರಿಗೆ ಒಡೆದ ಕಾಯಿ.

"ಈರಪ್ಪಾ, ಇದನ್ನ ಯಾಕ ಬಂದ್ ಮಾಡೀಯೋ?"

"ಪೂಜಾಕ್ಕ ಮದ್ಲ ಮಗ್ಗ ನಿಲ್ಲಸಬೇಕಲ್ಲ? ನಡಿಯೂ ಮಗ್ಗಕ್ಕ ಯಾರರ ಕುಂಕುಮ ಹಚ್ತಾರೇನು? ನಾಳಿ ಚಾಲೂ ಮಾಡಿದ್ರ ನಿಂತಲ್ಲಿಂದ ನಡೀತೈತಿ, ತಗೋ."

ಮಗ್ಗ ನಿಂತಲ್ಲಿಂದಲೇ ನಡೆಯುತ್ತದೆ, ನಿಜ. ಬೆಲ್ಲ ನಡೆಯುವುದಿಲ್ಲ. ನಾನು ಸೇವ್ ಮಾಡಿಲ್ಲವೆಂದು ತಿಳಿದಾಗ ಅವನ ಮುಖ ನೋಡಲಾಗಲಿಲ್ಲ. ಕೈಯಲ್ಲಿದ್ದ ಕಾಯಿಯ ಹೋಳನ್ನು ಎಲ್ಲಿಡಬೇಕೆಂದೇ ಅವನಿಗೆ ತೋಚಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಈಗಲೇ ಮತ್ತೆ ಹಚ್ಚಿಬಿಡೋಣವೆಂದು ಬಟನ್ನಿಗೆ ಕೈ ಚಾಚಿದೆ. ವರ್ಷವಿಡೀ ನಮಗೆ ತರ್ಕಶಾಸ್ತ್ರ ಕಲಿಸುವ ಮೇಡಮ್ಮು, "ರಾಹೂ ದೇ ಗ ಬಾಯೀ, ಉದ್ಯಾ ಸಕಾಳೀ ಲಾವೂ" (ಇರಲಿ ಬಿಡವ್ವ, ನಾಳೆ ಬೆಳಿಗ್ಗೆ ಹಚ್ಚೋಣ) ಎಂದು ಮರಾಠಿಯಲ್ಲಿ ಹೇಳಿ ಕೈ ಹಿಡಿದರು. ಪೂಜೆಗೆ ಕೂತ ಯಂತ್ರವನ್ನು ಬೆಳಗಾಗುವ ಮುನ್ನ ಮುಟ್ಟಬಾರದಂತೆ. ಇದು ಯಾವ ತರ್ಕ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅಂಕಗಳು ಅವರ ಕೈಯಲ್ಲಿದ್ದವು.

ಮರುದಿನ ದಸರೆ, ರಜೆ. ಆದರೂ ನಾನು ಹೋಗುವ ಹೊತ್ತಿಗೆ ಈರಪ್ಪ ಇಚಲಕರಂಜಿಯಿಂದ ಬಂದು ಅಜ್ಜನನ್ನು ಎಬ್ಬಿಸಿ ಕೂತಿದ್ದ. ದಸರೆಯ ಸಂಜೆ ಹಂಚಿಕೊಳ್ಳುವ ಬನ್ನಿ ಎಲೆಯನ್ನು ಆಗಲೇ ನನ್ನ ಕೈಗೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು. ಹಂಗ ಮುಂದಿನ ವಾರ ನನ್ನ ಸರದಿನೂ ತಗೋ" ಎಂದ.

"ನಿನ್ನ ಪ್ರಾಜೆಕ್ಟೋ?"

"ನಂದು ಮುಂದಿನ ಸಲಕ್ಕ ಮಾಡೂಣಂತ. ನನ್ನ ಮ್ಯಾಲ ಸಿಟ್ಟ ಇಲ್ಲಲ್ಲ ಮತ್ತ?"

ಬೆಳಗಿನ ಬಸ್ಸಿನಲ್ಲಿ ಬರುವಾಗ ಅವನನ್ನು ಬೈಯಲು ನಾನು ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ವ್ಯರ್ಥವಾದವು. ಆ ಹುಡುಗನ ಮೇಲೆ ಹುಟ್ಟಿದ ಪ್ರೀತಿ ಇವತ್ತಿಗೂ ಇಳಿದಿಲ್ಲ.

ಅವನ ವಾರದಲ್ಲಿ ಅಜ್ಜನ ಕಲಿಕೆ ಮುಗಿದು ನನ್ನ ಬೆಲ್ಲ ಇಳಿಯಿತು. ಪರೀಕ್ಷೆಯ ದಿನ ಮೇಡಮ್ಮು ಕೊಟ್ಟ ಫೋಟೋಗಳಿಗೆಲ್ಲ ನನ್ನ ಪ್ರೋಗ್ರಾಮು ಸರಿಯಾಗಿಯೇ ದರ್ಜೆ ಹೇಳಿತು. ಕಡೆಗೆ ಅವರು ಚೇಷ್ಟೆಗೆ ಪೂಜೆಯ ದಿನದ ಅಜ್ಜನ ಫೋಟೋ ತೋರಿಸಿದರು. ಚೆಂಡುಹೂ ಹೊತ್ತು ಹಳದಿಯಾಗಿದ್ದ ಅಜ್ಜನನ್ನು ಅದು ಒಂದನೆಯ ದರ್ಜೆಯ ಬೆಲ್ಲ ಎಂದು ಸಾರಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಮೇಡಮ್ಮು ಪಾಸು ಮಾಡಿದರು. ಈರಪ್ಪನೂ ಮುಂದಿನ ಸೆಮಿಸ್ಟರಿನಲ್ಲಿ ಪಾಸಾದ.

ಈ ವರ್ಷ ಹೊಸ ಪ್ರಾಜೆಕ್ಟುಗಳ ಸರದಿಯಲ್ಲಿ ದಸರೆಯ ವಾರ ಈರಪ್ಪನ ಪಾಲಿಗೆ ಬಂತು. ಪೂಜೆಯ ಹೊಣೆ ನಾನೇ ಹೊತ್ತೆ. ಅಜ್ಜನನ್ನು ಯಾರೂ ನಿಲ್ಲಿಸಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದು ಬಟನ್ನಿನ ಮೇಲೇ ಅಂಟಿಸಿದೆ. ಆಮೇಲೆ ಕುಂಕುಮ ಹಿಡಿದು ಎದುರಿಗೆ ನಿಂತೆ. ಅಜ್ಜ ಒಂದೇ ಸಮನೆ ಗೊರಕೆ ಹೊಡೆಯುತ್ತ ದುಡಿಯುತ್ತಿದ್ದ. ಹಣೆಯ ತನಕ ಹೋದ ಕೈ ಯಾಕೋ ಮುಂದೆ ಹೋಗಲೊಲ್ಲದು.

"ಈರಪ್ಪಾ, ಸೇವ್ ಮಾಡೀಯೇನೋ?"

"ಮಾಡೇನಿ. ಯಾಕ?"

ನಾನೇ ಅಂಟಿಸಿದ ಕಾಗದವನ್ನು ಮೆಲ್ಲಗೆ ಕಿತ್ತು, ಬಟನ್ ಒತ್ತಿದೆ.