ವೈಜನಾಥ ಕಾಕಾ ಹೆಣವಾದ ಮಧ್ಯಾಹ್ನ

ನಿರ್ದೇಶಕನೆಂದರೆ ಸಾಮಾನ್ಯನೇ? ಅವನು ಕೈ ಎತ್ತಿದರೆ ಜನ ಅಳಬೇಕು, ಇಳಿಸಿದರೆ ನಗಬೇಕು! ೧೯೮೩ರಲ್ಲಿ ಹುಮನಾಬಾದಿನ ಕಾಲೇಜಿನಲ್ಲಿ ನಮ್ಮ ಸರ್, ಗುಂಪಿಗೊಂದು ಕಿರುಚಿತ್ರ ಮಾಡಿ ತನ್ನಿ ಎಂದಾಗ ನಾನು ಹೀಗೆಂದು ಘೋಷಿಸಿ ನಿರ್ದೇಶಕನ ಪಟ್ಟವೇರಿದೆ. ಎಲ್ಲಕ್ಕಿಂತ ಚೆನ್ನಾಗಿ ಬಂದ ಚಿತ್ರವನ್ನು ಗುಲ್ಬರ್ಗಾದಲ್ಲಿ ತೋರಿಸುತ್ತಾರಂತೆ. ಆ ವೇದಿಕೆ ಹತ್ತುವ ಆಸೆ ನನ್ನ ನಿದ್ದೆ ಕೆಡಿಸಿತ್ತು. ಕ್ಯಾಮೆರಾ ನಮ್ಮ ಗುಂಪಿನ ಮೊಹಿನುದ್ದೀನನ ಅಣ್ಣ ದುಬೈಯಿಂದ ತಂದದ್ದು, ದನಿಯನ್ನೂ ಹಿಡಿಯುವಂಥದು. ರೀಲು ಒಂದೇ, ಮೂರು ನಿಮಿಷದ್ದು. ಕೆಟ್ಟರೆ ಕೆಟ್ಟಿತು.

ಕಥೆ ನನ್ನದೇ. ಮನೆಯ ಯಜಮಾನ ಸಾಯುತ್ತಾನೆ, ಹೆಂಡತಿ ಅಳುತ್ತಾಳೆ. ಹೆಣವಾಗಲು ನಮ್ಮ ಮನೆಯ ವೈಜನಾಥ ಕಾಕಾ ಒಪ್ಪಿದರು. ಹೇಗೂ ಮಧ್ಯಾಹ್ನದ ನಿದ್ದೆಯಲ್ಲಿ ಅವರು ಅದೇ ಸ್ಥಿತಿಯಲ್ಲಿರುತ್ತಾರೆ. ನಮ್ಮ ಜನರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಒಳಗೆ ಬೆಳಕು ಸಾಲದೆಂದು ಮನೆ ಮುಂದಿನ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂಡಿಸಿ, ಹಣೆತುಂಬ ವಿಭೂತಿ ಬಳಿದು, ಹಾರ ಹಾಕಿದೆ. ಆಮೇಲೆ ತುಳಜಾಬಾಯಿ ಕಾಕಿಯನ್ನು ಅಳಲು ಕರೆದೆ.

"ಗಂಡ ಗುಂಡಕಲ್ಲಿನಂಗ ಕುಂತಾನ. ಯಾಕ ಅಳಲಿ?"

"ಸುಮ್ನ ನಾಟಕ, ಕಾಕಿ."

"ಅಳೋದೇನ್ ಹೊಸಾದಲ್ಲ ಬಿಡು, ಇವರ ಸಲುವಾಗಿ ದಿನಾ ಅಳಾಕತ್ತೇನಿ. ಖರೆ ಕುಂಕುಮ ಅಳಸಲ್ಲ" ಎಂದು ರೊಟ್ಟಿ ಬಡಿಯಲು ಒಳಗೆ ಹೋದರು.

ಅಳುವವರೇ ಇಲ್ಲದ ಹೆಣ! ತಲೆಮೇಲೆ ಕೈಹೊತ್ತು ಕೂತಿದ್ದಾಗ ಓಣಿಯಲ್ಲಿ ಹೋಗುತ್ತಿದ್ದ ಸೋನುಬಾಯಿ ಕಾಕಾನನ್ನು ನೋಡಿ ಕಿಟಾರನೆ ಕಿರುಚಿದಳು. ನೋಡನೋಡುತ್ತ ಓಣಿಯೆಲ್ಲ ಅಂಗಳಕ್ಕೆ ಬಂದು ಅಳತೊಡಗಿತು.

"ಖರೆ ಹೇಳಿಬಿಡಮು" ಎಂದ ನಮ್ಮ ಗುಂಪಿನ ಪಾಂಡುರಂಗ.

"ಸುಮ್ನಿರೋ. ಪುಕ್ಕಟೆ ಕಲಾವಿದರು ಸಿಕ್ಕಾರ" ಎಂದು ಗದರಿಸಿ, ಬಿಟ್ಟು ಬಿಟ್ಟು ಕ್ಯಾಮೆರಾ ಓಡಿಸಲು ಮೊಹಿನುದ್ದೀನನಿಗೆ ಹೇಳಿದೆ. "ಈ ಕಡಿ ಮಾರಿ ಮಾಡಿ ಅಳ್ರಿ" ಎಂದು ಕೂಗಿದರೆ ಯಾರೂ ತಿರುಗಲಿಲ್ಲ. ಮುದುಕರೊಬ್ಬರು ನನ್ನ ಕುತ್ತಿಗೆ ಹಿಡಿದು ಮೂಲೆಗೆ ದಬ್ಬಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಪಕ್ಕದ ಮನೆಯಿಂದ ಆಗಲೇ ಕಡಲೆಹಿಟ್ಟಿನ ಪಿಟ್ಲ ತುಂಬಿದ ಪಾತೇಲಿ ಬಂತು. ಒಳಗೆ ನೋಡಿದರೆ ನಮ್ಮ ಒಲೆ ಧಗಧಗ ಉರಿಯುತ್ತಿದೆ! ಸೋನುಬಾಯಿ ಒಳಗೆ ನುಗ್ಗಿ ಕಾಕಿಯನ್ನು ತಬ್ಬಿಕೊಂಡಳು.

"ಹ್ಯಾಂಗ ಆಯ್ತವ್ವ ಇದು?"

"ಏನ್ ಆಗ್ಯಾದ? ಸರಿ ಅತ್ತಾಗ, ರೊಟ್ಟಿ ಹೊತ್ತತದ."

"ಅಯ್ಯೋ ಪಾಪ, ದುಃಖಕ್ಕ ತಲಿ ಕೆಟ್ಟದ" ಎಂದು ಅವಳು ಇನ್ನೂ ಜೋರಾಗಿ ಅತ್ತಳು.

ಅಷ್ಟರಲ್ಲಿ ದುಬಲಗುಂಡಿಯ ಮಹಾರುದ್ರಪ್ಪ ಬಂದ. ಕಾಕಾನ ದಾಯಾದಿ, ಹೊಲದ ಗಡಿಯ ಜಗಳದಿಂದ ಇಬ್ಬರಿಗೂ ಮಾತಿಲ್ಲ. ಸಂತೆಗೆಂದು ಬಂದವನಿಗೆ ಸುದ್ದಿ ಮುಟ್ಟಿತ್ತು. ಬಂದವನೇ ಹೆಣದ ಕಾಲು ಹಿಡಿದ.

"ವೈಜನಾಥ, ಬಾಂದದ ಕಲ್ಲು ನಾನೇ ಸರಿಸೀನಿ. ಮಾಫ್ ಮಾಡೋ."

ಹೆಣ ಕಣ್ಣು ತೆರೆಯಿತು.

"ಎಷ್ಟು ಸರಿಸಿದಿ?"

ಆಮೇಲೆ ಅಂಗಳದಲ್ಲಿ ಉಳಿದದ್ದು ಜನರ ಚಪ್ಪಲಿ ಮಾತ್ರ! ನಾನು "ಕಟ್, ಕಟ್" ಎಂದು ಅರಚಿದೆ. ಮೊಹಿನುದ್ದೀನನ ಬೆರಳು ಹೆದರಿಕೆಗೆ ಗುಂಡಿಯ ಮೇಲೆಯೇ ಬಿಗಿದುಹೋಗಿತ್ತು. ರೀಲು ಮುಗಿದ ಮೇಲೆಯೇ ಬಿಟ್ಟಿತು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯುಷ್ಯ ಹೆಚ್ಚುತ್ತದೆಂದು ಕಾಕಾ ಖುಷಿಯಾಗಿ ಪಿಟ್ಲ ಹೊಡೆದರು. "ಇವನ ಆಯುಷ್ಯ ಇವತ್ತಿಗಿ ಮುಗೀತು" ಎಂದು ಕಾಕಿ ಸೌಟು ಹಿಡಿದು ನನ್ನನ್ನು ಓಣಿಯ ತುದಿಯವರೆಗೆ ಅಟ್ಟಿದರು.

ಮುಂಬಯಿಯಲ್ಲಿ ತೊಳೆದ ರೀಲು ಬಂದಾಗ ಸರ್ ನೋಡಿ ಮೊದಲು ಅತ್ತರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ಎಲ್ಲಾಕಿಂತ ಚಲೋ ನಿಮ್ದೇ ಬಂದದ. ಗುಲ್ಬರ್ಗಾಕ್ಕ ಇದೇ ಹೋಗ್ತದ."

ನಾನು ಕಾಲರ್ ಎತ್ತಿಕೊಂಡು ಕೇಳಿದೆ: "ನಿರ್ದೇಶನ ಹ್ಯಾಂಗದರಿ, ಸರ್?"

"ಅಲ್ಲಿ ಒಬ್ಬರರೆ ನಿನ್ನ ಮಾತು ಕೇಳ್ಯಾರೇನೋ? ಅದಕ್ಕೇ ಚಲೋ ಬಂದದ" ಎಂದರು ಸರ್. "ವೇದಿಕಿಗಿ ನಿಮ್ಮ ಕಾಕಾಗ ಕಳಸು."