ಎಲ್ಲವನ್ನೂ ತೆಗೆಯಿರಿ

ನಮ್ಮ ಮನೆಯ ಕಂಪ್ಯೂಟರಿಗೆ ಕನ್ನಡ ಕಲಿಸಿದವಳು ನಾನೇ. ಆ ಪಾಪವನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. (ಕಟ್ಟಲು ನೋಡಿದೆ. ನಮ್ಮವರು ತಲೆ ಒಡ್ಡಲಿಲ್ಲ.)

ಧಾರವಾಡದಲ್ಲಿ ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದವಳು ಮದುವೆಯಾಗಿ ಪುಣೆಯ ಧನಕವಡಿಗೆ ಬಂದು ಬಿದ್ದರೆ ಅವಳ ಹೊಟ್ಟೆಯುರಿ ಹೇಗಿರುತ್ತದೆಂದು ನಿಮಗೆ ಗೊತ್ತಾಗಬೇಕು. ನಮ್ಮವರು, ಅಂದರೆ ಬಿಂದುಮಾಧವರಾಯರು, ಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತಾರೆ. ಜಗಳವಂತೂ ಅಚ್ಚಗನ್ನಡದಲ್ಲಿ. ಆದರೆ ಹುಟ್ಟಿ ಬೆಳೆದದ್ದು ಇಲ್ಲೇ, ಕಲಿತದ್ದು ಮರಾಠಿ ಶಾಲೆ, ಕನ್ನಡದ ಒಂದಕ್ಷರ ಓದಲು ಬಾರದು. ಮಗಳು ವರದಾ ನನ್ನ ಪುಸ್ತಕಗಳ ದೂಳು ಒರೆಸಿದರೆ ಅರ್ಧಕ್ಕರ್ಧ ತಲೆಕೆಳಗಾಗಿ ಇಟ್ಟಿರುತ್ತಾಳೆ. ಈ ಮನೆಯಲ್ಲಿ ನನ್ನ ಬಿ.ಎ. ಯಾರಿಗೂ ಬೇಕಾಗಿರಲಿಲ್ಲ.

ಇಂಥ ಬರಗಾಲದಲ್ಲಿ ನಮ್ಮ ಕನ್ನಡ ಮಹಿಳಾ ಮಂಡಳದವರು ನನ್ನನ್ನು ಸ್ಮರಣ ಸಂಚಿಕೆಯ ಸಂಪಾದಕಿಯಾಗಿ ನೇಮಿಸಿದರು. ಅಲ್ಲಿಯತನಕ ಕಾರ್ಯಕ್ರಮಕ್ಕೆ ಉಪ್ಪಿಟ್ಟು ಮಾಡುವಾಗ ಮಾತ್ರ ನೆನಪಾಗುತ್ತಿದ್ದವಳು ನಾನು! ಎಲ್ಲರ ಲೇಖನಗಳನ್ನು ಒಂದೊಂದೇ ಬೆರಳಿನಿಂದ ಟೈಪ್ ಮಾಡಿದೆ, ತಿದ್ದಿದೆ, ಕಣ್ಣುರಿ ಬಂದರೂ ಬಿಡಲಿಲ್ಲ. ಮುಗಿದ ಸಂಭ್ರಮದಲ್ಲಿ ಕೈಬರಹದ ಹಾಳೆಗಳನ್ನು ದೀಪಾವಳಿಯ ಸಾರಣೆ-ಕಾರಣೆಯಲ್ಲಿ ರದ್ದಿಯವನಿಗೆ ಹಾಕಿಬಿಟ್ಟೆ.

ಆಗಲೇ ಕಂಪ್ಯೂಟರು ಮಲಗಿತು. ತಪ್ಪು ಅದರದ್ದಲ್ಲ. ಅಪ್‌ಡೇಟ್ ಬೇಕು, ಅಪ್‌ಡೇಟ್ ಬೇಕು ಎಂದು ಅದು ಅಂಗಲಾಚಿದಾಗಲೆಲ್ಲ ನಮ್ಮವರು ‘ನಾಳೆ ನೆನಪಿಸು’ ಎಂದು ಒತ್ತುತ್ತ ಬಂದಿದ್ದರು. (ಸೋರುವ ನಳಕ್ಕೂ ನಮ್ಮ ಮನೆಯಲ್ಲಿ ಇದೇ ಚಿಕಿತ್ಸೆ.) ಕೊನೆಗೆ ಹೇಗೋ ಏಳಿಸಿ, ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡು, ಹೊಸದಾಗಿ ಸಿಸ್ಟಮ್ ಹಾಕಲು ಕೂತರು. ಯಾವ ಭಾಷೆ ಎಂದು ಅದು ಕೇಳಿತು. ಪಟ್ಟಿಯಲ್ಲಿ ಕನ್ನಡ ಕಂಡಿತು. ನನ್ನ ಮೈಮೇಲೆ ಭುವನೇಶ್ವರಿ ಬಂದಳು.

“ಕನ್ನಡ ಒತ್ತರಿ.”

“ಹುಚ್ಚಿದ್ದೀಯೇನ? ನನಗ ಓದ್ಲಿಕ್ಕೆ ಬರೂದಿಲ್ಲ.”

“ನಾ ಇದ್ದೀನಲ್ಲ, ಓದಿ ಹೇಳ್ತೀನಿ. ಮನಿಯೊಳಗ ಒಂದು ಮಷೀನರ ನನ್ನ ಮಾತು ಆಡ್ಲಿ!”

ಒತ್ತಿದರು. ನನ್ನ ಸಂಚಿಕೆ ಕಂಪ್ಯೂಟರಿಗೆ ಮರಳಿತು. ಪೆನ್‌ಡ್ರೈವನ್ನು ಖಾಲಿ ಮಾಡಿ, ಭಜನೆ ತುಂಬಿಸಿ, ನಮ್ಮವರು ಕಾರಿಗೆ ಸಿಕ್ಕಿಸಿಕೊಂಡರು.

ಮುಂದೆ ಕೆಲವು ದಿನ ನಾನು ಮಹಾರಾಣಿ. “ಏ ಶಾಮಲಾ, ಇದೇನಂತದ?” ಎಂದು ಅವರು ಪ್ರತಿ ಗುಂಡಿಗೂ ಕೂಗಬೇಕು, ನಾನು ಸೌಟು ಹಿಡಿದೇ ಬಂದು ಓದಿ ಅಪ್ಪಣೆ ಕೊಡಬೇಕು. ಅಪ್‌ಡೇಟುಗಳ ಖಾತೆಯನ್ನೂ ನಾನೇ ವಹಿಸಿಕೊಂಡೆ. ಬಂದದ್ದನ್ನು ಬಂದ ದಿನವೇ ಹಾಕಿಸಬೇಕೆಂದು ಶಾಸನ ಹೊರಡಿಸಿದೆ. ಸಂಸಾರದಲ್ಲಿ ಇಷ್ಟು ಸುಖವಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ನಾಳೆ ಸಂಚಿಕೆಯನ್ನು ಪ್ರೆಸ್ಸಿಗೆ ಕಳಿಸಬೇಕು ಎನ್ನುವ ದಿನ ಬಂತು. ಅಂದು ಬಂದ ಅಪ್‌ಡೇಟು ಅರ್ಧಕ್ಕೇ ಸಿಕ್ಕಿಕೊಂಡಿತು. ಸರಿಪಡಿಸಲು ಹೋದರೆ ಪರದೆಯ ಮೇಲೆ ಎರಡು ಸಾಲು: ‘ಕಡತಗಳನ್ನು ಇರಿಸಿಕೊಳ್ಳಿ’, ‘ಎಲ್ಲವನ್ನೂ ತೆಗೆಯಿರಿ’.

“ಏನಂತದ?” ನಮ್ಮವರು ಕೇಳಿದರು.

“ಫೈಲ್ ಹಂಗ ಇಟಗೋಬೇಕೋ, ಎಲ್ಲಾ ತಗೀಬೇಕೋ ಅಂತದ. ಸುಮ್ಮನ ಇಟಗೊಂಡು ಏನ್ ಮಾಡೂದು? ನಾಳೆ ಪ್ರೆಸ್ಸಿಗೆ ಕೊಡಬೇಕು. ತಗೀರಿ.”

“ತಗಿ ಅಂದ್ರ ತಗದು ಒಗಿ ಅಂತ ಇದ್ದೀತು, ನೋಡ.”

ಕನ್ನಡ ಓದಲು ಬಾರದವರು ನನಗೆ ಅರ್ಥ ಹೇಳುವುದೇ?

“ಬಾಗಲಾ ತಗಿ ಅಂದ್ರ ಬಾಗಲಾ ಕಿತ್ತು ಒಗೀತೀರೇನು? ಪುಸ್ತಕಾ ತಗಿ ಅಂದ್ರ ಒಲಿಗೆ ಹಾಕ್ತೀರೇನು? ಬಿ.ಎ. ಮಾಡಿದಾಕಿ ನಾನೋ ನೀವೋ?”

“ನೀನ ಮಾರಾಯ್ತಿ, ನೀನ” ಎಂದು ಅವರು ಕೈಕಟ್ಟಿ ಕೂತರು.

ಮೌಸ್ ಎಳೆದುಕೊಂಡು ನಾನೇ ಒತ್ತಿದೆ. ‘ಖಚಿತವೇ?’ ಎಂದು ಕೇಳಿತು. ನೋಡಿ, ನಾನು ಕಲಿಸಿದ ಕನ್ನಡದಲ್ಲೇ ನನ್ನನ್ನು ಶಂಕಿಸುವಷ್ಟು ಸೊಕ್ಕು! ಇನ್ನೂ ಜೋರಾಗಿ ಒತ್ತಿದೆ. ‘ತೆಗೆಯಲಾಗುತ್ತಿದೆ’ ಎಂದಿತು.

“ನೋಡ್ರಿ, ತಗೀಲಿಕತ್ತದ.”

“ಭಾಳ ಹೊತ್ತು ತಗೀಲಿಕತ್ತದಲ್ಲ” ಎಂದರು ನಮ್ಮವರು.

ತೆಗೆಯಿತು. ಸಂಚಿಕೆ ತೆಗೆಯಿತು, ನನ್ನ ಸಂಪಾದಕೀಯ ತೆಗೆಯಿತು, ಎಲ್ಲವನ್ನೂ ತೆಗೆದು ಗುಡಿಸಿ ಸಾರಿಸಿ, ನಿಮ್ಮ ಭಾಷೆ ಯಾವುದು ಎಂದು ಹೊಸ ಬೀಗರಂತೆ ವಿಚಾರಿಸಿತು. ನಮ್ಮವರು ಎದ್ದು ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟರು. ಬೈದಿದ್ದರೆ ಎಷ್ಟೋ ಮೇಲಿತ್ತು. ಅಡುಗೆಮನೆಗೆ ಹೋಗಿ ಅತ್ತೆ.

ಕಣ್ಣೊರೆಸಿಕೊಂಡು ಮಂಡಳದ ಅಧ್ಯಕ್ಷೆ ರಾಜೀವಿಯವರಿಗೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದೆ. ಉಡುಪಿ ಕಡೆಯವರು, ಇಲ್ಲಿ ಹೋಟೆಲ್ ನಡೆಸುತ್ತಾರೆ.

“ಎಂಥ ಶಾಮಲಕ್ಕ, ತೆಗೀರಿ ಅಂದ್ರೆ ತೆಗೀರಿ ಅಂತಲೇ ಅಲ್ವಾ?” ಎಂದರು. ಎಲ್ಲ ಲೇಖಕಿಯರ ಕಾಲಿಗೆ ಬಿದ್ದು ಮತ್ತೆ ಬರೆಸುತ್ತೇನೆ, ಒಂದು ವಾರ ಕೊಡಿ ಎಂದು ಬೇಡಿಕೊಂಡೆ. ಕೇಳಿ ನೋಡುತ್ತೇನೆ ಎಂದು ಫೋನ್ ಇಟ್ಟರು.

ಸಂಜೆ ಅವರದೇ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ಉತ್ಸಾಹವಿತ್ತು. ನನಗೆ ಅದೇ ಹೆದರಿಕೆಯಾಯಿತು.

“ಬೇಜಾರು ಮಾಡ್ಬೇಡಿ. ಎಲ್ಲರ ಹತ್ರ ಮಾತಾಡಿದೆ. ಈ ಸಲ ಮರಾಠಿಯಲ್ಲೇ ತರುವ ಅಂದ್ರು. ಮಕ್ಕಳಾದ್ರೂ ಓದ್ತಾವಲ್ಲ. ನಮ್ಮ ಸೊಸೆ ಅಪೇಕ್ಷಾ ಎಲ್ಲ ಮಾಡ್ತಾಳೆ, ನಿಮಗೆ ತೊಂದರೆ ಇಲ್ಲ.”

“ಮತ್ತ ಬರಿಯೋವ್ರು?”

“ಮರಾಠಿ ಆದ್ರೆ ಇವತ್ತೇ ಬರ್ದು ಕೊಡ್ತೇವೆ ಅಂದ್ರು. ಕನ್ನಡದಲ್ಲಿ ಬರೀಲಿಕ್ಕೆ ಅವರಿಗೂ ಭಾರೀ ಕಷ್ಟ ಆಗಿತ್ತಂತೆ, ನಿಮಗೆ ಹೇಳ್ಲಿಕ್ಕೆ ಹೆದರಿಕೆ. ಹಾಂ, ಒಂದು ಉಪಕಾರ ಮಾಡಿ ಶಾಮಲಕ್ಕ. ‘ಮನೆಮನೆಯಲ್ಲಿ ಕನ್ನಡ ಉಳಿಸಿ’ ಅಂತ ನಿಮ್ಮದೊಂದು ಲೇಖನ ಇರ್ಲಿ. ಮರಾಠಿಯಲ್ಲಿ.”

ಬರೆದುಕೊಟ್ಟೆ. ಸಂಚಿಕೆ ಬಂದ ದಿನ ನಮ್ಮವರು ಅದನ್ನು ಗಟ್ಟಿಯಾಗಿ ಓದಿದರು, ವರದಾ ಎರಡು ಸಲ ಓದಿದಳು. ಮದುವೆಯಾದಂದಿನಿಂದ ನಾನು ಬರೆದದ್ದನ್ನು ಈ ಮನೆಯವರು ಓದಿದ್ದು ಅದೇ ಮೊದಲು.